ಕೈಗೆ ಬಾರದ ಬಡಿತಗಳ ಕಾಳು

ಬೆಳಗಿನ ಐದೂವರೆ. ಗೋಕಾಕ ಊರು ಇನ್ನೂ ಮಂಜಿನ ಕಂಬಳಿ ಹೊದ್ದುಕೊಂಡು ಮಗ್ಗುಲು ಬದಲಿಸುತ್ತಿದೆ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿರುವ ಹೃದಯದ ದವಾಖಾನೆಯ ಮೆಟ್ಟಿಲ ಮೇಲೆ ಶೈಲಾ ಮೊರ ಹಿಡಿದು ಜೋಳ ಹಸನು ಮಾಡುತ್ತ ಕುಳಿತಿದ್ದಾಳೆ. ದವಾಖಾನೆಗೂ ಜೋಳಕ್ಕೂ ಎಲ್ಲಿಯ ನಂಟು ಎಂದು ದಾರಿಹೋಕರಿಗೆ ಅನ್ನಿಸುತ್ತದೆ. ಎದುರಿನ ತಂತಿಯ ಮೇಲೆ ಸಾಲಾಗಿ ಕುಳಿತ ಗುಬ್ಬಿಗಳಿಗೆ ಮಾತ್ರ ಹಾಗೆ ಅನ್ನಿಸುವುದಿಲ್ಲ. ಅವು ಬೀಗರಿದ್ದ ಹಾಗೆ. ಯಾರೂ ಕರೆಯುವುದಿಲ್ಲ, ಹೊತ್ತು ಮಾತ್ರ ತಪ್ಪಿಸುವುದಿಲ್ಲ.

"ಒಂದು ಹರಳು ಸೇರಿದ್ರ ಲೆಕ್ಕ ಕೆಡತೈತ್ರಿ," ಎನ್ನುತ್ತಾಳೆ ಶೈಲಾ, ಮೊರದಿಂದ ಕಣ್ಣೆತ್ತದೆ. "ಕಲ್ಲಿನ ಬಡಿತ ಯಾರ ಎದ್ಯಾಗೂ ಇರಬಾರ್ದು."

ಇಂದು ಮೊದಲ ಬಸ್ಸಿಗೆ ಕಲ್ಲೋಳಿಯಿಂದ ಕೆಂಚಪ್ಪ ಬರಬೇಕು. ಮೂರು ತಿಂಗಳಾಗುತ್ತ ಬಂತು, ಆತ ನೆಲಕ್ಕೆ ಬೆನ್ನು ಹಚ್ಚಿ ಮಲಗಿಲ್ಲ. ಅಡ್ಡಾದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡುತ್ತಾನೆ. ಆತನ ಎದೆಯ ಬಡಿತಕ್ಕೆ ಒಂದು ತಾಳ ಇಲ್ಲ. ಎರಡು ಹೆಜ್ಜೆ ಓಡುತ್ತದೆ, ಒಂದು ಹೆಜ್ಜೆ ನಿಲ್ಲುತ್ತದೆ, ಮತ್ತೆ ನಾಯಿ ಬೆನ್ನಟ್ಟಿದಂತೆ ಓಡುತ್ತದೆ. ಅದು ಈ ವಾರ ಎಷ್ಟು ತುಂಬಿಕೊಂಡಿದೆ, ಎಷ್ಟು ಖಾಲಿ ಓಡಿದೆ ಎಂಬುದನ್ನು ಈ ಮೊರದ ಕಾಳುಗಳೇ ಹೇಳಬೇಕು. ಅದಕ್ಕೇ ಶೈಲಾ ಇವತ್ತು ಆರಿಸಿದ್ದನ್ನೇ ಮತ್ತೊಮ್ಮೆ ಆರಿಸುತ್ತಿದ್ದಾಳೆ.

ಕಾಳು ಆರಿಸಿ ಡಬ್ಬಿಗೆ ತುಂಬಿದ ಮೇಲೆ ಒಳಗೆ ಹೋಗಿ ಬಿಸಿನೀರಿನ ಬೋಗುಣಿಯಲ್ಲಿ ಒಂದು ಸೀಸೆ ಇಳಿಬಿಡುತ್ತಾಳೆ. ಎದೆಯ ಚಿತ್ರ ತೆಗೆಯುವ ಎಕೋ ಮಷೀನಿಗೆ ಬೇಕಾದ, ಲೋಳೆಸರದಂಥ ಜೆಲ್ ಅದು. ಆ ಸೀಸೆಯನ್ನು ಸೆರಗಿನಲ್ಲಿ ಒರೆಸಿ, ಅಂಗೈಯಲ್ಲಿ ತಿಕ್ಕಿ, ಕೆನ್ನೆಗೆ ಹಚ್ಚಿ ನೋಡುವ ಪರಿ ಕಂಡರೆ ಒಳಗೆ ಅರಮನೆಯ ಅತ್ತರೇ ಇರಬೇಕು ಎಂದುಕೊಳ್ಳಬೇಕು. "ತಣ್ಣಂದು ಎದಿಗೆ ಬಿದ್ದರ ಮಂದಿ ಬೆಚ್ಚಿ ಬೀಳ್ತಾರ್ರಿ. ಬೆಚ್ಚಿದ ಗುಂಡಿಗಿ ಖರೆ ಹೇಳೂದಿಲ್ಲ," ಎಂಬುದು ಆಕೆಯ ವಿವರಣೆ.

ನಲವತ್ತೆಂಟು ವಯಸ್ಸಿನ ಶೈಲಾ ಇಲ್ಲಿ ಎಲ್ಲರಿಗೂ ಮೌಶಿ, ಅಂದರೆ ಚಿಕ್ಕಮ್ಮ. ಡಾಕ್ಟರಿಗೂ ಮೌಶಿ, ಎಂಬತ್ತರ ಮುದುಕರಿಗೂ ಮೌಶಿ. ಸೋಮವಾರ, ಬುಧವಾರ, ಶನಿವಾರ ಗೋಕಾಕ. ಮಂಗಳವಾರ ಮೂಡಲಗಿ, ಶುಕ್ರವಾರ ಹುಕ್ಕೇರಿ. ಹೊರಗಿನ ಎರಡು ದಿನ ಸಣ್ಣ ಮಷೀನನ್ನು ವ್ಯಾನಿನಲ್ಲಿಟ್ಟು, ಕೂಸನ್ನು ಹಿಡಿದಂತೆ ತೊಡೆಯ ಮೇಲೆ ಹಿಡಿದುಕೊಂಡು ಹೋಗುತ್ತಾಳೆ. ವ್ಯಾನು ಒಂದು ಕುಣಿ ಹಾರಿದರೆ ಡ್ರೈವರ್ ಲಕ್ಷ್ಮಣನಿಗೆ ಏಳು ತಲೆಮಾರಿನ ಮಂಗಳಾರತಿ. ದಿನಕ್ಕೆ ಮೂವತ್ತು, ಮೂವತ್ತೈದು ಜನ. ಅವರನ್ನು ಎಡಮಗ್ಗುಲಿಗೆ ಹೊರಳಿಸಬೇಕು, ತೋಳನ್ನು ತಲೆಯ ಕೆಳಗೆ ಇಡಿಸಬೇಕು, ನಾಚುವ ಹೆಂಗಸರಿಗೆ ಚಾದರ ಹಿಡಿಯಬೇಕು, ಉಸಿರು ಬಿಡಿ ಎಂದಾಗ ಹಿಡಿಯುವವರಿಗೆ ಮತ್ತೆ ಮತ್ತೆ ಹೇಳಬೇಕು. ಅವರಲ್ಲಿ ಐದಾರು ಜನರ ಬಡಿತ ಓರೆಕೋರೆ. ಆ ಐದಾರು ಜನರಿಗಾಗಿ ಜೋಳದ ಡಬ್ಬಿ.

ಹದಿನೇಳು ವರ್ಷದಲ್ಲಿ ಈಕೆ ಎಣಿಸಿದ ಕಾಳನ್ನೆಲ್ಲ ಬೀಸಿದ್ದರೆ ಹುಕ್ಕೇರಿ ತಾಲೂಕಿಗೆ ತಾಲೂಕೇ ಕುಳಿತು ಒಂದು ಹೊತ್ತು ರೊಟ್ಟಿ ತಿಂದು ಏಳಬಹುದಿತ್ತು.

ಈ ಎಣಿಕೆಯ ಬೇರು ದವಾಖಾನೆಯಲ್ಲಿಲ್ಲ, ಕುಲುಮೆಯಲ್ಲಿದೆ. ಯಮಕನಮರಡಿಯ ಹೆದ್ದಾರಿಯ ಬದಿಯಲ್ಲಿ ಶೈಲಾಳ ಅಪ್ಪ ರಾಜಪ್ಪ ಕುಡಗೋಲು ಬಡಿಯುತ್ತಿದ್ದ. ಚರ್ಮದ ತಿದಿ ಒತ್ತಿ ಬೆಂಕಿಗೆ ಗಾಳಿ ಊದುವ ಕೆಲಸ ಎಂಟು ವರ್ಷದ ಮಗಳದು. ಚಳಿಗಾಲದ ಬೆಳಗಿನಲ್ಲಿ ತಿದಿಯ ಚರ್ಮ ಒಣಗಿ ಬಿಗಿದಿರುತ್ತಿತ್ತು. ಒತ್ತಿ ಬಿಟ್ಟರೂ ಅದು ತೆರೆದುಕೊಳ್ಳುತ್ತಿರಲಿಲ್ಲ. ಅಪ್ಪ ಔಡಲೆಣ್ಣೆ ಹಚ್ಚಿ, ಹಸುವಿನ ಗಂಗೆದೊಗಲು ಸವರಿದಂತೆ ಸವರಿ, ಅದು ಮೆತ್ತಗಾಗಿ ತಾನೇ ಬಾಯಿ ತೆರೆಯುವ ತನಕ ಕಾಯುತ್ತಿದ್ದ. ಮಗಳಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು. ಆಟಕ್ಕೆ ಓಡುವ ಅವಸರದಲ್ಲಿ ಪಟಪಟ ಒತ್ತುತ್ತಿದ್ದಳು.

"ನಮ್ಮಪ್ಪ ಬೈತಿರ್ಲಿಲ್ರಿ. 'ತಡಿಯವ್ವಾ, ಅದರ ಹೊಟ್ಟಿ ತುಂಬ್ಲಿ. ಈಗ ಒತ್ತಿದ್ರ ಬರೇ ಸಪ್ಪಳ ಬರತೈತಿ, ಗಾಳಿ ಬರೂದಿಲ್ಲ' ಅಂತಿದ್ದ. ನಾ ಒತ್ತೂದ ಒತ್ತೂದು, ಬೆಂಕಿ ಮಾತ್ರ ನನ್ನ ಮಕಾ ನೋಡಿ ನಕ್ಕೋತ ಕುಂತಿರ್ತಿತ್ತು."

ಕರೆಂಟಿನ ಊದುಗ ಬಂದು ತಿದಿ ಅಟ್ಟ ಸೇರಿತು. ಏಳನೆಯ ಇಯತ್ತೆಗೆ ಶೈಲಾಳ ಸಾಲಿ ಮುಗಿಯಿತು. ಹತ್ತರಗಿಯ ಬಾಳೇಶನೊಡನೆ ಮದುವೆಯಾಯಿತು. ಬಾಳೇಶ ಲಾರಿ ರಿಪೇರಿಯವನು. ಒಂದು ದಿನ ಲಾರಿಯ ಕೆಳಗಿದ್ದಾಗ ಜಾಕ್ ಜಾರಿ, ಸೊಂಟದ ಕೆಳಗಿನ ಬಲ ಹೋಯಿತು. ಗೋಕಾಕದ ದವಾಖಾನೆಗಳಿಗೆ ಗಂಡನನ್ನು ತೋರಿಸುತ್ತ ತೋರಿಸುತ್ತ ಇಲ್ಲೇ ನೆಲ ಒರೆಸುವ ಕೆಲಸಕ್ಕೆ ಸೇರಿದವಳು ಇಲ್ಲೇ ಉಳಿದಳು. ಬಾಳೇಶ ಈಗ ಮನೆಯಲ್ಲಿ ಕುಳಿತೇ ರೊಟ್ಟಿ ಬಡಿಯುತ್ತಾನೆ. ಅದು ಎಷ್ಟು ತೆಳ್ಳಗೆಂದರೆ ಎತ್ತಿ ಹಿಡಿದರೆ ಆಚೆ ಕಡೆಯ ಸೂರ್ಯ ಕಾಣುತ್ತಾನಂತೆ. ಹೆಂಡತಿಯ ಈ ಹೊಗಳಿಕೆಯಲ್ಲಿ ಮುಕ್ಕಾಲು ಪಾಲು ತೆಗೆದುಹಾಕಿದರೂ ರೊಟ್ಟಿ ತೆಳ್ಳಗೇ ಉಳಿಯುತ್ತದೆ.

ನೆಲ ಒರೆಸುತ್ತಿದ್ದ ಆ ಮೊದಲ ವಾರ ಎಕೋ ಕೋಣೆಯ ಕತ್ತಲಲ್ಲಿ ಆಕೆಯ ಕೈಯಿಂದ ಅರಿವೆ ಜಾರಿ ಬಿದ್ದಿತಂತೆ. ಮಷೀನಿನೊಳಗಿಂದ ಸಪ್ಪಳ ಬರುತ್ತಿತ್ತು. ಹುಶ್ಶ್... ಹುಶ್ಶ್... ನೆತ್ತರು ಒಳಗಿನ ಬಾಗಿಲು ದಾಟುವ ಸಪ್ಪಳ. ಶೈಲಾ ಮಾತ್ರ ಅಪ್ಪನ ಕುಲುಮೆಗೆ ಹೋಗಿ ನಿಂತಿದ್ದಳು. ಇದ್ದಿಲಿನ ವಾಸನೆ ಬಂತು, ಔಡಲೆಣ್ಣೆಯ ವಾಸನೆ ಬಂತು, ಅಪ್ಪನ ಬೆವರಿನ ವಾಸನೆಯೂ ಬಂತು. ಸತ್ತು ನಾಲ್ಕು ವರ್ಷವಾದ ಅಪ್ಪ ಆ ಕತ್ತಲಲ್ಲಿ ಎಲ್ಲೋ ಕುಳಿತು ತಡಿಯವ್ವಾ ಎನ್ನುತ್ತಿದ್ದ.

"ಯಾರರೆ ತಿದಿ ಒತ್ತಾಕತ್ತಾರೇನ್ರಿ ಒಳಗ?" ಎಂದು ಆಕೆ ಕೇಳಿದ್ದಕ್ಕೆ ಆಗಿನ ಹಿರಿಯ ಡಾಕ್ಟರು ನಕ್ಕು ಪರದೆಯ ಮುಂದೆ ಸ್ಟೂಲು ಹಾಕಿ ಕೂರಿಸಿದರಂತೆ. ಮೇಲೆ ಎರಡು ಕೋಣೆ, ಕೆಳಗೆ ಎರಡು ಕೋಣೆ. ಕೆಳಗಿನ ಕೋಣೆ ಹಿಂಡಿ ನೆತ್ತರು ಹೊರಗೆ ಕಳಿಸುತ್ತದೆ. ಅದು ಎಲ್ಲರಿಗೂ ಗೊತ್ತು. ಹಿಂಡಿದ ಮೇಲೆ ಅದು ಸಡಿಲಾಗಬೇಕು, ಬಾಗಿಲು ತೆರೆಯಬೇಕು, ಮೇಲಿನಿಂದ ನೆತ್ತರು ಇಳಿಯಬೇಕು, ಕಡೆಗೆ ಮೇಲಿನ ಕೋಣೆ ಒಂದು ಸಣ್ಣ ನೂಕು ಕೊಟ್ಟು ಪೂರ್ತಿ ತುಂಬಿಸಬೇಕು. ತಾಳ ತಪ್ಪಿದವರಲ್ಲಿ ಆ ನೂಕು ಇರುವುದಿಲ್ಲ. ಮೇಲಿನ ಕೋಣೆ ಗಾಳಿಗೆ ಸಿಕ್ಕ ಅರಳಿ ಎಲೆಯಂತೆ ಬರೀ ನಡುಗುತ್ತದೆ. ಕೆಳಗಿನದಕ್ಕೆ ಸಡಿಲಾಗಲು ಪುರಸೊತ್ತೂ ಸಿಗುವುದಿಲ್ಲ. ಅರ್ಧ ತುಂಬುವಷ್ಟರಲ್ಲಿ ಮುಂದಿನ ಬಡಿತ ಬಂದು ಕದ ತಟ್ಟುತ್ತದೆ. ವಯಸ್ಸಾಗಿ ಬಿಗಿದ ಹೃದಯವಾದರೆ ಕೇಳುವುದೇ ಬೇಡ, ಎಣ್ಣೆ ಕಾಣದ ತಿದಿ ಅದು.

ಹಾಗೆ ತುಂಬದೆ ಹಿಂಡಿದ ಬಡಿತ ಎದೆಯಲ್ಲಿ ಕೇಳುತ್ತದೆ, ಮುಂಗೈಯ ತನಕ ಬರುವುದಿಲ್ಲ. ಆದ್ದರಿಂದ ಇಂಥವರ ನಾಡಿಯನ್ನು ಇಬ್ಬರು ಹಿಡಿಯಬೇಕು. ಒಬ್ಬರು ಎದೆಗೆ ನಳಿಗೆ ಇಟ್ಟು, ಇನ್ನೊಬ್ಬರು ಮುಂಗೈ ಹಿಡಿದು, ಪೂರ್ತಿ ಒಂದು ನಿಮಿಷ. ಹಿರಿಯ ಡಾಕ್ಟರು ಕಲಿಸಿದ್ದು ಇಷ್ಟು. ಶೈಲಾಗೆ ಅದರಲ್ಲಿ ಒಂದೇ ತೊಡಕಾಯಿತು.

"ಇಬ್ಬರೂ ಬಾಯಿಲೇ ಎಣಿಸಿದ್ರ ಅವರ ಎಣಿಕಿ ನನ್ನ ಬಾಯಿಗೆ ಬರ್ತಿತ್ತು, ನಂದು ಅವರ ಬಾಯಿಗೆ ಹೋಗ್ತಿತ್ತು. ಒಮ್ಮೆ ನರ್ಸಬಾಯಿ ಮೂವತ್ತೆರಡಾದ ಮ್ಯಾಲ ಎಂಬತ್ತೊಂದು ಅಂದ್ಲು ನೋಡ್ರಿ. ಮರುದಿನಾ ನಾ ಜೋಳಾ ತಂದೆ."

ಎರಡು ತಾಟು, ಎರಡು ಹಿಡಿ ಜೋಳ. ಒಂದು ಬಡಿತಕ್ಕೆ ಒಂದು ಕಾಳು, ಹೆಬ್ಬೆರಳಿನಿಂದ ಜಾರಿಸಬೇಕು. ನಿಮಿಷ ಮುಗಿದ ಮೇಲೆ ಎರಡೂ ತಾಟಿನಿಂದ ಜೋಡಿ ಜೋಡಿಯಾಗಿ ಕಾಳು ತೆಗೆಯುತ್ತ ಹೋಗುತ್ತಾಳೆ. ಕೈಯ ತಾಟು ಮೊದಲು ಬರಿದಾಗುತ್ತದೆ. ಎದೆಯ ತಾಟಿನಲ್ಲಿ ಉಳಿಯುವವು ಕೈಗೆ ಬಾರದ ಬಡಿತಗಳು. ಜೋಡಿ ಸಿಕ್ಕ ಕಾಳು ಡಬ್ಬಿಗೆ ವಾಪಸು ಹೋಗುತ್ತದೆ. ಉಳಿದದ್ದು ಗುಬ್ಬಿಗಳಿಗೆ. ಹಾಗೇಕೆ ಎಂದರೆ ಶೈಲಾ ಯೋಚಿಸುತ್ತಾಳೆ. "ಅವರ ಕೈಗಂತೂ ಮುಟ್ಟಲಿಲ್ಲ. ಯಾರಿಗರೆ ಮುಟ್ಲಿ ಅಂತ್ರಿ, ಮತ್ತೇನಿಲ್ಲ."

ಕೆಂಚಪ್ಪ ಮೊದಲ ಬಾರಿ ಆಕೆಯ ತಾಟಿಗೆ ಬಂದದ್ದು ಸಂಕ್ರಾಂತಿ ಮುಗಿದ ವಾರ, ಮೂಡಲಗಿಯಲ್ಲಿ. ಅರವತ್ತನಾಲ್ಕರ ರೈತ, ಅರಿಷಿಣ ಬೆಳೆಯುವವನು. ಕುಳಿತು ಮಲಗಲು ಬೆನ್ನಿಗೆ ಅರಿಷಿಣದ ಚೀಲವನ್ನೇ ಕೊಟ್ಟುಕೊಳ್ಳುತ್ತಿದ್ದ. ಆತ ಕೋಣೆಗೆ ಬಂದರೆ ಮದುಮಗನೇ ಬಂದಂತೆ ಘಮಘಮ. ಹಿಂದೆ ಹೆಂಡತಿ ಯಲ್ಲವ್ವ, ಸುರುಳಿ ಸುತ್ತಿದ ಗೋಡೆ ಕ್ಯಾಲೆಂಡರ್ ಹಿಡಿದುಕೊಂಡು.

"ಎರಡ ತಿಂಗಳಾತು ಮೌಶಿ, ಗ್ವಾಡಿಗೆ ಆನಿಕೊಂಡ ಕುಂತಾನ ಈ ಮನಶ್ಯಾ. ಗ್ವಾಡಿ ಬೀಳತೈತೋ ಇವ ಬೀಳ್ತಾನೋ ನೋಡೂಣಂತ ನಾನೂ ಕುಂತೇನಿ," ಎಂದಳು ಯಲ್ಲವ್ವ.

"ಅಡ್ಡಾದ್ರ ಯಾರೋ ಎದಿ ಮ್ಯಾಲ ಕುಂತಂಗ ಆಗತೈತ್ರಿ," ಎಂದ ಕೆಂಚಪ್ಪ. ಆಮೇಲೆ ಹೆಂಡತಿಯನ್ನು ಓರೆಗಣ್ಣಲ್ಲಿ ನೋಡಿ, "ಯಾರಂತ ಹೆಸರ ಹೇಳೂದಿಲ್ಲ."

ಡಾಕ್ಟರ್ ವಿಶಾಲ ಮಷೀನಿನ ಮುಂದೆ ಕುಳಿತರು. ಬೆಳಗಾವಿಯಿಂದ ಬರುವ ತರುಣ ಡಾಕ್ಟರು, ಕೈ ಚುರುಕು, ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಪರದೆಯ ಮೇಲೆ ನೆತ್ತರು ಇಳಿಯುವ ಅಲೆಗಳು ಏಳತೊಡಗಿದವು. ಒಂದು ಗುಡ್ಡದಷ್ಟು, ಒಂದು ಹುತ್ತದಷ್ಟು, ಒಂದು ಇರುವೆಗೂಡಿನಷ್ಟು. ಒಂದು ಚೆಂದದ ಅಲೆ ಬಂದದ್ದೇ ಡಾಕ್ಟರು ಚಿತ್ರ ನಿಲ್ಲಿಸಿ ಅಳೆಯಲು ಹೋದರು. ಶೈಲಾ ಗಂಟಲು ಸರಿ ಮಾಡಿಕೊಂಡಳು.

"ಸರ್, ಅದು ಚಲೋ ನಿದ್ದಿ ಮಾಡಿ ಎದ್ದ ಬಡಿತ್ರಿ. ಅದರ ಮುಂದ ಎಷ್ಟ ಜಾಗಾ ಬಿಟ್ಟೈತಿ ನೋಡ್ರಿ. ಹಿಂದ ಓಡಿ ಬರಾಕತ್ತಾವಲ್ಲ, ಅವನ್ನೂ ವಿಚಾರಿಸ್ರಿ."

ಡಾಕ್ಟರು ನಕ್ಕರು. "ಎಷ್ಟ ವಿಚಾರಿಸ್ಲಿ ಮೌಶಿ?"

"ಹತ್ತರೆ ಆಗಲಿರಿ."

ತಾಳ ತಪ್ಪಿದ ಹೃದಯವನ್ನು ಒಂದು ಬಡಿತದಿಂದ ಅಳೆಯಬಾರದು ಎಂಬುದು ಡಾಕ್ಟರಿಗೂ ಗೊತ್ತು. ಆದರೆ ಮೂವತ್ತು ಜನ ಬಾಗಿಲಲ್ಲಿ ನಿಂತಾಗ ಗೊತ್ತಿದ್ದದ್ದನ್ನು ನೆನಪಿಸಲು ಒಬ್ಬರು ಬೇಕು. ಹತ್ತು ಅಲೆ ಅಳೆದು ಸರಾಸರಿ ನೋಡಿದಾಗ ಅವರ ನಗು ಇಳಿಯಿತು. ಆರು ಬಡಿತಗಳು ಅರ್ಧಕ್ಕಿಂತ ಕಡಿಮೆ ತುಂಬಿಕೊಂಡು ಓಡಿದ್ದವು. ಕೆಳಗೆ ಇಳಿಯಲು ಜಾಗವಿಲ್ಲದ ನೆತ್ತರು ಹಿಂದಕ್ಕೆ, ಶ್ವಾಸಕೋಶದತ್ತ ಒತ್ತುತ್ತಿತ್ತು. ಕೆಂಚಪ್ಪನ ಎದೆಯ ಮೇಲೆ ಕೂರುವವರು ಯಾರೆಂದು ಗೊತ್ತಾದಂತಾಯಿತು.

"ದಸರಾದಾಗ ಕೊಟ್ಟ ಗುಳಿಗಿ ತಪ್ಪದ ತಗೊಳ್ಳಾಕತ್ತೀರೇನು?" ಎಂದು ಕೇಳಿದರು.

ಯಲ್ಲವ್ವ ಕ್ಯಾಲೆಂಡರ್ ಬಿಚ್ಚಿ ಮಂಚದ ಮೇಲೆ ಹಾಸಿದಳು. ದಸರೆಯಲ್ಲಿ ಬೆಳಗಾವಿಗೆ ಹೋಗಿ ತೋರಿಸಿದಾಗ ಇದೇ ಡಾಕ್ಟರು ಎರಡು ಗುಳಿಗೆ ಬರೆದಿದ್ದರು. ಒಂದು ನೆತ್ತರು ಹೆಪ್ಪುಗಟ್ಟದಿರಲು, ಇನ್ನೊಂದು ಓಟಕ್ಕೆ ಲಗಾಮು ಹಾಕಲು. ದಿನಾ ಮುಂಜಾನೆ ನಾಡಿ ಹಿಡಿಯಿರಿ, ಅರವತ್ತಕ್ಕಿಂತ ಕಡಿಮೆ ಬಂದರೆ ಓಟದ ಗುಳಿಗೆ ಅರ್ಧ ಕೊಡಿ ಎಂದಿದ್ದರು. ಯಲ್ಲವ್ವ ಒಂದು ದಿನವೂ ತಪ್ಪಿಸಿರಲಿಲ್ಲ. ಅಲಾರಾಂ ಗಡಿಯಾರ ಮುಂದಿಟ್ಟು ಪೂರ್ತಿ ನಿಮಿಷ ಎಣಿಸಿ, ಪ್ರತಿ ತಾರೀಖಿನ ಚೌಕದಲ್ಲಿ ಬರೆದಿದ್ದಳು. ಎಪ್ಪತ್ತೆರಡು, ಅರವತ್ತೆಂಟು, ಅರವತ್ತೊಂದು, ಐವತ್ತೊಂಬತ್ತು. ಆವತ್ತಿನಿಂದ ಅಡಕತ್ತರಿಯಲ್ಲಿ ಗುಳಿಗೆಯನ್ನು ಸರಿಯಾಗಿ ಅರ್ಧ ಮಾಡಿದಳು. ಆಮೇಲೆ ಐವತ್ತಾರು ಬಂತು. ಅರ್ಧವನ್ನೂ ಅರ್ಧ ಮಾಡಿದಳು. ಓಣಿಯಲ್ಲಿ ಆಕೆಗೆ ಡಾಕ್ಟರಬಾಯಿ ಎಂದು ಹೆಸರೇ ಬಿದ್ದಿತ್ತು.

ಶೈಲಾ ಎರಡು ತಾಟು ತಂದಳು. "ಕಾಕೂ, ನಿಮ್ಮಂಥ ನಾಡಿ ಹಿಡಿಯೋರು ನನಗ ಬೇಕಾಗಿದ್ರು. ನೀವು ಕೈ ಹಿಡೀರಿ, ನಾ ಎದಿ ಕೇಳ್ತೇನಿ. ಒಂದ ಬಡಿತಕ್ಕ ಒಂದ ಕಾಳು."

ಕೋಣೆಯಲ್ಲಿ ಒಂದು ನಿಮಿಷ ಕಾಳು ಬೀಳುವ ಸಪ್ಪಳ ಬಿಟ್ಟರೆ ಬೇರೇನಿಲ್ಲ. ಒಂದು ತಾಟಿನಲ್ಲಿ ತುಂತುರು ಮಳೆ, ಇನ್ನೊಂದರಲ್ಲಿ ಆಲಿಕಲ್ಲಿನ ಮಳೆ. ಯಲ್ಲವ್ವನ ತಾಟಿನಲ್ಲಿ ಐವತ್ತೆಂಟು. ಶೈಲಾಳ ತಾಟಿನಲ್ಲಿ ನೂರಾ ಹತ್ತು. ಜೋಡಿ ತೆಗೆಯುತ್ತ ಹೋದಂತೆ ಉಳಿದ ಕಾಳುಗಳ ಗುಡ್ಡೆ ಯಲ್ಲವ್ವನ ಕಣ್ಣ ಮುಂದೆಯೇ ಬಿದ್ದುಕೊಂಡಿತು.

"ಇವು ಎಲ್ಲೀವ?" ಎಂದಳು ಯಲ್ಲವ್ವ.

"ಕಾಕಾನ ಎದ್ಯಾಗಿನವು. ತುಂಬೂಕಿಂತ ಮದಲ ಓಡಿದುವು, ಅದಕ ಕೈತನಾ ಬರಲಿಲ್ಲ."

ಎಲ್ಲ ಬಿಡಿಸಿ ಹೇಳಬೇಕಾಗಲಿಲ್ಲ. ಗುಳಿಗೆ ಕಡಿಮೆಯಾದಷ್ಟೂ ಎದೆ ಜೋರು ಓಡಿತ್ತು. ಜೋರು ಓಡಿದಷ್ಟೂ ತುಂಬುವುದು ತಪ್ಪಿತ್ತು. ತುಂಬುವುದು ತಪ್ಪಿದಷ್ಟೂ ಕೈಗೆ ಬರುವ ಬಡಿತ ಕಡಿಮೆಯಾಗಿತ್ತು. ಅದನ್ನು ನೋಡಿ ಅಡಕತ್ತರಿ ಮತ್ತೊಮ್ಮೆ ಕೆಲಸ ಮಾಡಿತ್ತು. ಕೈ ನೋಡಿ ಎದೆ ನಿಂತೀತೆಂದು ಹೆದರಿದ್ದಳು, ಎದೆ ಕುದುರೆಯಾಗಿತ್ತು. ಯಲ್ಲವ್ವ ಕ್ಯಾಲೆಂಡರನ್ನು ಮೆಲ್ಲಗೆ ಸುತ್ತತೊಡಗಿದಳು. ಸುತ್ತಿ ಮುಗಿಸಲಾಗಲಿಲ್ಲ.

"ಇಷ್ಟ ದಿನಾ ನಾನ ಇವನ ಉಸರ ಕಟ್ಟಿದ್ನೇನವ್ವಾ?"

"ನಿಮ್ಮ ಲೆಕ್ಕ ತಪ್ಪಿಲ್ಲ ಕಾಕೂ," ಎಂದಳು ಶೈಲಾ. "ಕೈಗಿ ಬಂದದ್ದನ್ನ ಒಂದೂ ಬಿಡದ ಎಣಿಸೀರಿ. ಬರಲಾರದ್ದನ್ನ ಯಾರ ಎಣಸ್ತಾರ?"

ಡಾಕ್ಟರು ಕುರ್ಚಿಯನ್ನು ಆಕೆಯ ಮುಂದೆ ಎಳೆದುಕೊಂಡರು. "ತಪ್ಪ ನಂದ್ರಿ ಅಜ್ಜಿ. ಕೈ ನೋಡ್ರಿ ಅಂದೆ, ಎದೀನೂ ಕೇಳಬೇಕಂತ ಹೇಳಲಿಲ್ಲ. ಎಣಿಸೂದು ಬಿಡಬ್ಯಾಡ್ರಿ. ಗುಳಿಗಿ ಮಾತ್ರ ನಾವು ಹೇಳೂತನಾ ಪೂರ್ತಿ ಕೊಡ್ರಿ."

ಕೆಂಚಪ್ಪ ಮಂಚದ ಮೇಲಿನಿಂದಲೇ ಹೆಂಡತಿಯ ಮೊಣಕೈ ಮುಟ್ಟಿದ. "ಅಳಬ್ಯಾಡ. ನಲವತ್ತ ವರ್ಷದಾಗ ಇವತ್ತ ಮದಲನೇ ಸಲಾ ನನ್ನ ಎದ್ಯಾಗ ಏನೈತಿ ಅಂತ ನೋಡಿದಿ."

ಆವತ್ತಿನ ಐವತ್ತೆರಡು ಕಾಳುಗಳನ್ನು ಶೈಲಾ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಗೋಕಾಕಕ್ಕೆ ತಂದಳು. ಮೂಡಲಗಿಯ ಬಡಿತ ತಿಂದು ಗೋಕಾಕದ ಗುಬ್ಬಿಗಳು ಮರುದಿನ ಹಾರಲಾರದೆ ಕುಳಿತಿದ್ದವು ಎಂಬುದು ಆಕೆಯದೇ ವರದಿ.

ಕೆಂಚಪ್ಪನನ್ನು ಎರಡು ದಿನ ಗೋಕಾಕದಲ್ಲಿ ಇಟ್ಟುಕೊಂಡು ಎದೆಯಲ್ಲಿ ನಿಂತ ನೀರು ಇಳಿಸಿದರು. ಗುಳಿಗೆ ಪೂರ್ತಿಯಾಯಿತು. ಪ್ರತಿ ಮಂಗಳವಾರ ಮೂಡಲಗಿಯಲ್ಲಿ ತಾಟು ಎದುರುಬದುರಾದವು. ಉಳಿದದ್ದು ಒಂದು ವಾರ ಮೂವತ್ತೊಂದು, ಮುಂದಿನ ವಾರ ಹದಿನೇಳು. ಆದರೂ ಆತ ಅಡ್ಡಾಗಲು ಹೆದರುತ್ತಿದ್ದ. ಎದೆಯ ಮೇಲೆ ಕೂರುವವನು ಬಾಗಿಲ ಹಿಂದೆಯೇ ನಿಂತಿದ್ದಾನೆ ಎನ್ನುತ್ತಿದ್ದ. ಚೀಲ ಗೋಡೆಯ ಬಳಿಯೇ ಉಳಿದಿತ್ತು. ಇಂದು ಮತ್ತೊಮ್ಮೆ ಎಕೋ ಮಾಡಬೇಕು ಎಂದು ಗೋಕಾಕಕ್ಕೇ ಕರೆಸಿದ್ದಾರೆ.

ಮಂಜು ಹರಿಯುವ ಹೊತ್ತಿಗೆ ಅರಿಷಿಣದ ವಾಸನೆ ಗಲ್ಲಿಯ ತಿರುವಿನಿಂದಲೇ ಬರುತ್ತದೆ. ಮುಂದೆ ಕೆಂಚಪ್ಪ, ಹಿಂದೆ ಯಲ್ಲವ್ವ. ಬಂದವಳು ಚಪ್ಪಲಿ ಬಿಡುವ ಮೊದಲೇ ದೂರು ಶುರು ಮಾಡುತ್ತಾಳೆ.

"ಮೌಶಿ, ಇವ ನನ್ನ ಕೊಂದ ಬಿಡ್ತಿದ್ದ. ಇವತ್ತ ಮುಂಜಾನಿ ಎದ್ದ ನೋಡ್ತೇನಿ, ಚೀಲ ಒಂದ ಗ್ವಾಡಿಗೆ ಕುಂತೈತಿ. ಮನಶ್ಯಾ ಇಲ್ಲ. ಎದಿ ಧಸಕ್ ಅಂತು. ನೋಡಿದ್ರ ಬಾಜೂಕ ಅಡ್ಡಾಗಿ ಗೊರಕಿ ಹೊಡ್ಯಾಕತ್ತಾನ. ಮೂಗಿನ ಮುಂದ ಕೈ ಹಿಡದ ನೋಡಿ ಆಮ್ಯಾಲ ಬೈದೆ."

"ಕನಸ ಬಿದ್ದಿತ್ರಿ," ಎನ್ನುತ್ತಾನೆ ಕೆಂಚಪ್ಪ, ಮದುಮಗನಂತೆ ನಾಚಿ. "ಹೊಳಿಯಾಗ ಅಂಗಾತ ತೇಲಾಕತ್ತಿದ್ದೆ. ನೀರು ಬರತಿತ್ತು, ನನ್ನ ಎತ್ತತಿತ್ತು, ಮತ್ತ ಇಳಸತಿತ್ತು. ಅವಸರ ಇದ್ದಿಲ್ಲ ಯಾರಿಗೂ. ಈಕಿ ಮೂಗಿಗೆ ಕೈ ಹಿಡದ್ಲು, ಹೊಳಿ ಹೋತು."

ಒಳಗೆ ತಾಟುಗಳು ಸಿದ್ಧವಾಗುತ್ತವೆ. ಕೈ ಯಲ್ಲವ್ವನದು, ಎದೆ ಶೈಲಾಳದು. ಗೋಡೆ ಗಡಿಯಾರದ ಕೆಂಪು ಮುಳ್ಳು ಹೊರಡುತ್ತದೆ. ಕಾಳು ಬೀಳುತ್ತವೆ. ತಾಳ ಇನ್ನೂ ತಪ್ಪೇ ಇದೆ, ಅದು ಸರಿಹೋಗುವುದು ಬೇರೆ ಮಾತು. ಆದರೆ ಓಟ ಇಳಿದಿದೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಜಾಗ ಬಂದಿದೆ. ಆ ಜಾಗದಲ್ಲಿ ಶೈಲಾ ಕಣ್ಣು ಮುಚ್ಚುತ್ತಾಳೆ. ಎಲ್ಲೋ ಒಂದು ಎಣ್ಣೆ ಹಚ್ಚಿದ ತಿದಿ ಮೆಲ್ಲಗೆ ಬಾಯಿ ತೆರೆಯುತ್ತದೆ, ಯಾರೋ ಕೈ ತಡೆದು ಕಾಯುತ್ತಾರೆ.

ಯಲ್ಲವ್ವನ ತಾಟಿನಲ್ಲಿ ಎಪ್ಪತ್ತೆರಡು. ಶೈಲಾಳ ತಾಟಿನಲ್ಲಿ ಎಪ್ಪತ್ತೆಂಟು. ಯಲ್ಲವ್ವ ಉಳಿದ ಕಾಳುಗಳನ್ನು ಬೆರಳಿನಿಂದ ಒಂದೊಂದಾಗಿ ಸರಿಸಿ, ಎಣಿಸಿ, ಮತ್ತೊಮ್ಮೆ ಎಣಿಸುತ್ತಾಳೆ. ಆಮೇಲೆ ಸೆರಗಿನಿಂದ ಗಂಡನ ಎದೆ ಒರೆಸುತ್ತಾಳೆ. ಜೆಲ್ ಇನ್ನೂ ಹಚ್ಚಿಯೇ ಇಲ್ಲ.

ಡಾಕ್ಟರು ಬರುವುದರೊಳಗೆ ಶೈಲಾ ಮೆಟ್ಟಿಲಿಗೆ ಬಂದು ಅಂಗೈ ಬಿಚ್ಚುತ್ತಾಳೆ. ತಂತಿಯ ಮೇಲಿನ ಗುಬ್ಬಿಗಳೆಲ್ಲ ಒಮ್ಮೆಗೇ ಇಳಿಯುತ್ತವೆ. ಗುಬ್ಬಿ ಹದಿನೈದಿಪ್ಪತ್ತು, ಕಾಳು ಆರು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿದುಹೋಗುತ್ತದೆ. ಸಿಗದವು ತಲೆ ಓರೆ ಮಾಡಿ ಆಕೆಯನ್ನೇ ನೋಡುತ್ತ ಕೂರುತ್ತವೆ.

"ಇವತ್ತ ಇಷ್ಟ. ಹೋಗ್ರಿ," ಎನ್ನುತ್ತಾಳೆ ಅವಕ್ಕೆ.

ಹದಿನೇಳು ವರ್ಷದ ಕೆಲಸದ ಕೊನೆಗೆ ಏನಾದರೂ ಆಸೆ ಇರಬೇಕಲ್ಲ ಎಂದು ಕೇಳಿದರೆ ಶೈಲಾ ಬರಿದಾದ ಅಂಗೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾಳೆ.

"ಏನಿಲ್ರಿ. ಈ ಗುಬ್ಬಿಗೋಳು ಊಟಕ್ಕ ಬ್ಯಾರೆ ಮನಿ ನೋಡ್ಕೋಬೇಕು, ಅಷ್ಟ."